ಪಾಲಿಗೆ ಬಾರದ ನಂಬರು

ಲೆಕ್ಕ ಬಾರದವನಿಗೆ ಹಠ ಜಾಸ್ತಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ, ನಾನೇ ಇದ್ದೇನೆ. ಶಾಲೆಯಲ್ಲಿ ಮೇಷ್ಟ್ರು ನನ್ನತ್ತ ನೋಡಿ "ಏಳು" ಎಂದರೆ ಎದ್ದು ನಿಲ್ಲಬೇಕೋ, ಏಳರ ಮಗ್ಗಿ ಹೇಳಬೇಕೋ ಎಂದು ಕೊನೆಯವರೆಗೂ ತಿಳಿಯಲಿಲ್ಲ. ಎದ್ದು ಸುಮ್ಮನೆ ನಿಲ್ಲುತ್ತಿದ್ದೆ. ಹೀಗೆ ಆ ಮಗ್ಗಿ ನನ್ನಿಂದ ತಪ್ಪಿಸಿಕೊಂಡಿತು.

ಬೈಂದೂರಿನ ಮನೆಯನ್ನು ನಾನೂ ತಮ್ಮ ರಾಘುವೂ ಪಾಲು ಮಾಡಿಕೊಂಡದ್ದು ಜಗಳವಾಡಿ ಅಲ್ಲ. ಮಕ್ಕಳು ಬೆಳೆದು ಕೋಣೆ ಸಾಲದೆ. ಚಾವಡಿಯ ನಡುವೆ ಗೋಡೆ ಎಂದಾಯಿತು. ಪಾಲಾಗಲು ಉಳಿದದ್ದು ಫೋನು. ಮೊಬೈಲು ನಮ್ಮ ಕಡೆ ಇನ್ನೂ ಕಾಲಿಡದ ಕಾಲ. ಮುಂಬಯಿಯ ತಂಗಿ ಸುಮತಿ ಪ್ರತಿ ಭಾನುವಾರ ಅದಕ್ಕೇ ಫೋನ್ ಮಾಡುತ್ತಿದ್ದಳು. ಅವಳ ದನಿ ಗೋಡೆಯಾಚೆ ಹೋದೀತೆಂಬ ಯೋಚನೆಗೇ ನನಗೆ ಅನ್ನ ಸೇರಲಿಲ್ಲ. ಏನಾದರಾಗಲಿ, ಬಿಡುವುದಿಲ್ಲ ಎಂದುಕೊಂಡೆ.

ಬ್ರಹ್ಮಾವರದ ನನ್ನ ಆಫೀಸಿಗೆ ಹೋಗುವ ಬಸ್ಸಿನಲ್ಲಿ ದಾರಿ ಹೊಳೆಯಿತು. ನಮ್ಮದು ಆರಂಕಿಯ ನಂಬರು. ಮೊದಲ ಮೂರು ಅಂಕಿಗಳೇ ಮತ್ತೊಮ್ಮೆ ಅದೇ ಸಾಲಿನಲ್ಲಿ ಬರುತ್ತವೆ. ಯಾವುದೆಂದು ಹೇಳಲಾರೆ, ಹೇಳಿದರೆ ನೀವೂ ಭಾನುವಾರ ಫೋನ್ ಮಾಡುತ್ತೀರಿ. ಅದು ಅವಿಭಾಜ್ಯ ಸಂಖ್ಯೆ, ಅಂದರೆ ಒಂದು ಮತ್ತು ತಾನು ಬಿಟ್ಟರೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ್ದು ಎಂದು ತೋರಿಸಿಬಿಟ್ಟರೆ? ಭಾಗವಾಗದ್ದು ಪಾಲಿಗೆ ಬರುವುದು ಹೇಗೆ? ಹಿರಿಯನ ಬಳಿಯೇ ಉಳಿಯಬೇಕು. ಹಿರಿಯ ನಾನೇ. ಟಿಕೆಟ್ಟಿನ ಹಿಂದೆ ಎರಡರಿಂದ ಭಾಗಿಸಿದೆ, ಶೇಷ ಉಳಿಯಿತು. ಮೂರರಿಂದ, ಐದರಿಂದಲೂ ಉಳಿಯಿತು. ಏಳರ ಸರದಿ ಬರುವಾಗ, ಬಸ್ಸು ಬದಲಿಸಬೇಕಾದ ಕುಂದಾಪುರ ಬಂತು. ಇಷ್ಟು ಗಟ್ಟಿ ಸಂಖ್ಯೆ ಏಳಕ್ಕೆ ಬಗ್ಗಲಿಕ್ಕಿಲ್ಲ ಎಂದು ತೀರ್ಮಾನಿಸಿ ಟಿಕೆಟ್ಟನ್ನು ಜೇಬಿಗೆ ಹಾಕಿದೆ.

ಪಾಲು ಹೇಳಲು ಬಂದ ಸೋದರಮಾವನ ಮುಂದೆ ಇದನ್ನೆಲ್ಲ ಗಂಭೀರವಾಗಿ ಮಂಡಿಸಿದೆ. ರಾಘು ತಲೆಯಾಡಿಸಿದ. ಅವನ ಹೆಂಡತಿ ಗಿರಿಜಾ ಮಾತ್ರ ಬಾಗಿಲಲ್ಲಿ ನಿಂತು, "ಹ್ವಾಯ್ ಭಾವ, ಏಳ್ರಂಗೆ ಭಾಗ ಮಾಡಿ ಕಂಡ್ರ್ಯಾ?" ಎಂದಳು. ಮೀನು ಮಾರುವವಳು, ಏಳು ಹೆಂಗಸರು ಕೂಡಿ ಒಟ್ಟಿಗೆ ಮೀನು ಕೊಂಡು ಹಂಚಿಕೊಳ್ಳುವುದು ಅವರ ಕ್ರಮ.

"ಏಳರಿಂದ ಎಂತಕ್ಕೆ?" ಎಂದೆ.

"ಅದೇ ಮೂರ್ ಅಂಕಿ ಎರಡ್ ಸಲ ಬಂದ್ರೆ ಸಾವಿರದೊಂದ್ರಂಗೆ ಗುಣಿಸ್ದಾಂಗೆ ಅಲ್ದಾ? ಸಾವಿರ ಬಂಗುಡಿ, ಮೇಲೆ ಒಂದ್ ಕೊಸರ್. ಏಳ್ ಜನಕ್ಕೆ ಹಂಚಿರೆ ತಲಿಗೆ ನೂರ ನಲ್ವತ್ಮೂರ್. ಒಂದೂ ಉಳಿತಿಲ್ಲ."

ಮಾವ ಎಲೆಯಡಿಕೆ ನೆತ್ತಿಗೇರುವಷ್ಟು ನಕ್ಕರು. ನಾನು ಬಿಡಲಿಲ್ಲ, ಕಾಗದ ತಂದು ಅರ್ಧ ಗಂಟೆ ಕೂತು ಭಾಗಿಸಿದೆ. ಶೇಷ ಸೊನ್ನೆ. ನನ್ನ ಮುಖ ಹೇಗಿತ್ತೋ, ಗಿರಿಜಾ ಮೆಲ್ಲಗೆ, "ನಂಬರ್ ಪಾಲಾರೆ ಆಯ್ಲಿ ಬಿಡಿ. ಫೋನ್ ನಿಮ್ಮ ಬದಿಯಂಗೇ ಇರ್ಲಿ. ನಿಮ್ಗೆ ಸುಮತಿ ಅಂದ್ರೆ ಜೀವ ಅಲ್ದಾ?" ಎಂದಳು. ಸೋತೆನೋ ಗೆದ್ದೆನೋ ತಿಳಿಯದೆ ಕಣ್ಣು ತುಂಬಿ ಬಂತು.

ಗೋಡೆ ಎದ್ದ ಮೊದಲ ಭಾನುವಾರ ಫೋನು ಹೊಡೆದುಕೊಂಡದ್ದೇ ಹಾರಿ ಎತ್ತಿಕೊಂಡೆ.

"ಅಣ್ಣಯ್ಯ, ಹುಷಾರಾ? ಗಿರಿಜತ್ತಿಗೆ ಹತ್ರ ಕೊಡ್."

ಮೊದಲಾದರೆ ಕೂತಲ್ಲಿಂದಲೇ ಕೂಗಿದರೆ ಸಾಕಿತ್ತು. ಈಗ ಅಂಗಳಕ್ಕಿಳಿದು, ಗೋಡೆ ಸುತ್ತಿ ಹೋಗಿ ಗಿರಿಜಾಳನ್ನು ಕರೆತಂದೆ. ಅವರಿಬ್ಬರೂ ಅರ್ಧ ಗಂಟೆ ನಕ್ಕರು, ಮಾತಾಡಿದರು. ನಾನು ಪಕ್ಕದಲ್ಲೇ ಕಾದೆ. ನನ್ನ ಸರದಿ ಬರುವ ಮೊದಲೇ ಲೈನು ಕಟ್ಟಾಯಿತು. ಯಾರ ಪಾಲಿಗೂ ಬಾರದ ಸಂಖ್ಯೆಯೊಂದು ಮನೆಯಲ್ಲಿ ಇದ್ದದ್ದು ನಿಜವೇ. ಅದನ್ನು ಗಿರಿಜಾಳಲ್ಲಿ ಕಾಣದೆ ಫೋನಿನಲ್ಲಿ ಹುಡುಕಿದ್ದು ನನ್ನ ತಪ್ಪು.