ಜೇನುಕಲ್ಲು ಗುಡ್ಡಕ್ಕೆ ಒಂದು ದಿನ ಮೊದಲೇ

ಖುಷಿಯಾದಾಗ ನಾನು ಸುಳ್ಳು ಹೇಳುತ್ತೇನೆ. ಹೆದರಿ ಸುಳ್ಳು ಹೇಳುವವರನ್ನು ಜನ ಕ್ಷಮಿಸಿಯಾರು, ನನ್ನಂಥವರನ್ನು ಯಾರು ಕ್ಷಮಿಸಬೇಕು? ಯಲ್ಲಾಪುರದ ನಮ್ಮ ಹೈಸ್ಕೂಲಿನಲ್ಲಿ ಹೆಡ್‌ಮೇಡಂ ಒಂದು ದಿನ, "ಈ ಭಾನುವಾರ ನಾವು ಟೀಚರುಗಳೆಲ್ಲ ಜೇನುಕಲ್ಲು ಗುಡ್ಡಕ್ಕೆ ಹೋಗೋಣ" ಎಂದದ್ದೇ ತಡ, "ಅಯ್ಯೋ, ನಾನು ನಾಲ್ಕು ಸಲ ಹತ್ತಿದ್ದೇನೆ!" ಎಂದುಬಿಟ್ಟೆ. ಹೋದದ್ದು ಒಂದೇ ಸಲ, ಅದೂ ನೆಂಟರ ಜೊತೆ. ಅವರು ಹತ್ತಿ ಇಳಿಯುವ ತನಕ ನಾನು ಕೆಳಗೆ ಕಾರಿನಲ್ಲಿ ಕುಳಿತು ಅವಲಕ್ಕಿ ಡಬ್ಬಿ ಕಾದಿದ್ದೆ. ಅವರು ಬರುವಷ್ಟರಲ್ಲಿ ಅದು ಅರ್ಧ ಖಾಲಿಯೂ ಆಗಿತ್ತು. ಹೆಡ್‌ಮೇಡಂ ಮಾತ್ರ ನಂಬಿದರು. "ಹಾಗಾದ್ರೆ ಸುಮಾ ಟೀಚರ್ ಮುಂದೆ, ನಾವೆಲ್ಲ ಹಿಂದೆ" ಎಂದರು.

ಗುಡ್ಡ ದೊಡ್ಡದೇನಲ್ಲ, ಆದರೆ ಏರು ಕಡಿದು. ಅಂದಿನಿಂದಲೇ ತಯಾರಿ ಶುರು. ಹೊಸ ಬೂಟು ಬಂತು. ಬೆನ್ನಿಗೆ ಮಗಳ ಹಳೆಯ ಶಾಲೆಯ ಚೀಲ, ಅದರೊಳಗೆ ಭಾರಕ್ಕೆಂದು ನಾಲ್ಕು ತೆಂಗಿನಕಾಯಿ. ಹೀಗೆ ಸಜ್ಜಾಗಿ ಮನೆಯ ಮೆಟ್ಟಿಲನ್ನು ಹತ್ತುವುದು, ಇಳಿಯುವುದು. ಮೂರನೆಯ ದಿನ ನನ್ನ ಗಂಡ ಪೇಪರು ಕೆಳಗಿಟ್ಟರು.

"ಎಂತ ಮಾರಾಯ್ತಿ, ಕಾಯಿ ಮೇಲೆ ಒಯ್ಯದು, ಮತ್ತೆ ಕೆಳಗೆ ತಪ್ಪದು?"

ಕಾಯಿ ಮೇಲೊಯ್ದು ಕೆಳಗೆ ತರುವುದರ ಕಾರಣ ಹೇಳಿದೆ. "ನಾಳೆ ಅರ್ಧ ದಾರಿಯಲ್ಲಿ ಕುಂತ್ರೆ ಮರ್ಯಾದೆ ಇಲ್ಲೆ. ಇವತ್ತೇ ಒಂದ್ಸಲ ಹತ್ತಿ ನೋಡವು" ಎಂದೆ. ಅಂದು ಶನಿವಾರ, ಶಾಲೆ ಅರ್ಧ ದಿನ. ಅವರು ನಗುತ್ತಲೇ ಸ್ಕೂಟರ್ ತೆಗೆದರು. ಗುಡ್ಡದ ಬುಡ ತಲುಪಿದಾಗ, "ಹೋಗಿ ಬಾ, ಆನು ಸ್ಕೂಟರ್ ಕಾಯ್ತೆ" ಎಂದು ನೆರಳು ಹಿಡಿದರು.

ಹತ್ತಲು ಶುರುಮಾಡಿದೆ. ಹೆದರಿಕೆಗಿಂತ ಹುರುಪೇ ಹೆಚ್ಚು. ಅರ್ಧ ಏರಿದ್ದೆನೋ ಇಲ್ಲವೋ, ತಿರುವಿನ ಬಂಡೆಯ ಮೇಲೆ ಟವೆಲ್ಲಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಒಬ್ಬರು ಕುಳಿತಿದ್ದರು. ನೋಡಿದರೆ ನಮ್ಮ ಶಾಲೆಯ ಪಿ.ಟಿ. ಮಾಸ್ತರು ಬಸವರಾಜ ಸರ್!

ನನ್ನನ್ನು ಕಂಡು ಅವರು ಟವೆಲ್ಲನ್ನು ಬೆನ್ನ ಹಿಂದೆ ಸರಿಸಿದರು. ಆಮೇಲೆ ಅವರೇ ಬಾಯಿಬಿಟ್ಟರು. ಅವರ ಊರು ಬನವಾಸಿ ಕಡೆ. "ಯಾರ ಮುಂದೂ ಹೇಳಬ್ಯಾಡ್ರಿ ಟೀಚರ್. ಹತ್ತು ವರ್ಷ ಆತು, ಸೀಟಿ ಊದಿ ಹುಡುಗರನ್ನ ಓಡ್ಸಾಕತ್ತೀನಿ. ನಾ ಮಾತ್ರ ಒಂದ್ ದಿನಾನೂ ಓಡಿಲ್ರಿ."

"ನಂದೂ ಅದೇ ಕಥೆ ಸರ್" ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕುಳಿತು, ಎದ್ದು, ಒಬ್ಬರಿಗೊಬ್ಬರು "ಇನ್ನೇನ್ ಬಂತು" ಎನ್ನುತ್ತ ತುದಿ ಮುಟ್ಟಿಯೇಬಿಟ್ಟೆವು. ಕಣ್ಣು ಹಾಯುವಷ್ಟು ದೂರ ಕಾಡು, ಅದರ ನಡುವೆ ಬೆಳ್ಳಗೆ ಬಳುಕುವ ಹೊಳೆ. ಬಸವರಾಜ ಸರ್ ಸೀಟಿ ತೆಗೆದು ಜೋರಾಗಿ ಊದಿದರು. ನಾನು ಐವತ್ತೆರಡರ ಹೆಂಗಸು ಎಂಬುದನ್ನು ಮರೆತು ಚಪ್ಪಾಳೆ ಹೊಡೆದೆ.

ಭಾನುವಾರ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಅವು ನನ್ನವಲ್ಲ! ತೊಡೆ, ಮೀನಖಂಡ ಎಲ್ಲ ಕಲ್ಲು. ಹೇಗೋ ವ್ಯಾನು ಹತ್ತಿದೆ. ಗುಡ್ಡದ ಬುಡದಲ್ಲಿ ಬಸವರಾಜ ಸರ್ ವ್ಯಾನಿನ ಬಾಗಿಲು ಹಿಡಿದು ಏಡಿಯಂತೆ ಅಡ್ಡಡ್ಡ ಇಳಿದದ್ದು ನೋಡಿ ಅವರ ಗತಿಯೂ ತಿಳಿಯಿತು. ನಿನ್ನೆ ಹತ್ತಿದ್ದೇವೆ ಎನ್ನೋಣವೆಂದರೆ, ನಾಲ್ಕು ಸಲ ಹತ್ತಿದವಳು ನಿನ್ನೆ ಯಾಕೆ ಬಂದಳು ಎಂಬ ಪ್ರಶ್ನೆ ಏಳುತ್ತಿತ್ತು. "ನೀವೆಲ್ಲ ಹೋಗಿ ಬನ್ನಿ, ನಾವು ಚೀಲ ನೋಡ್ಕೊಳ್ತೇವೆ" ಎಂದೆ.

ಎಲ್ಲರೂ ಕೇಕೆ ಹಾಕುತ್ತ ಹೋದರು, ಕೆಂಪಗಾಗಿ ಇಳಿದು ಬಂದರು. ಹೆಡ್‌ಮೇಡಂ ನನ್ನ ನಾಲ್ಕು ಸಲದ ಮಾತನ್ನು ಮರೆತು ನಮ್ಮ ಮುಂದೆಯೇ ಕುಳಿತು ಕಾಡು ಎಷ್ಟು ಹಸಿರು, ಹೊಳೆ ಎಲ್ಲಿ ತಿರುಗುತ್ತದೆ ಎಂದು ಕೈಯಾಡಿಸಿ ವರ್ಣಿಸಿದರು. "ಹೌದಾ ಮೇಡಂ?" ಎಂದೆ ನಾನೂ ಅದನ್ನು ಮರೆತವಳಂತೆ. "ಹೊಳಿನೂ ಕಾಣ್ತತೇನ್ರಿ?" ಎಂದರು ಬಸವರಾಜ ಸರ್.

ನಮ್ಮನ್ನು ನೋಡಿ ಹೆಡ್‌ಮೇಡಂಗೆ ಕನಿಕರ ಉಕ್ಕಿತು. "ನೋಡಿ, ಇಂಥದ್ದಕ್ಕೆಲ್ಲ ಒಂದು ದಿನ ಮೊದಲೇ ಸ್ವಲ್ಪ ಅಭ್ಯಾಸ ಮಾಡ್ಕೊಂಡು ಬರ್ಬೇಕು" ಎಂದರು.

ಮುಂದಿನ ಸಲ ಖಂಡಿತ ಮಾಡುತ್ತೇವೆ ಎಂದು ಇಬ್ಬರೂ ತಲೆಯಾಡಿಸಿದೆವು. ನೋವಿಲ್ಲದೆ ಆಡುತ್ತಿದ್ದದ್ದು ಅದೊಂದೇ.