ಮೂರು ಫಂಕ್ಷನ್ನುಗಳಿಗೆ ಒಬ್ಬರೇ ಆಸರೆಯಾದ *ಈಗಿನ-ಓದುಗ* ಅವರ ಸನ್ನಿಧಿಗೆ

ಮಾನ್ಯರೇ,

ಚಾಮರಾಜಪೇಟೆಯ ನಮ್ಮ ವಾಚನಾಲಯದ ಕಂಪ್ಯೂಟರಿನೊಳಗೆ, ಯಾವ ಫಂಕ್ಷನ್ನಿನ ಹಂಗೂ ಇಲ್ಲದೆ ಎಲ್ಲಕ್ಕಿಂತ ಮೇಲೆ ವಿರಾಜಮಾನರಾಗಿರುವ ತಮಗೆ, ಅದೇ ವಾಚನಾಲಯದ ಹಳೆಯ ಸದಸ್ಯೆ ವಿಶಾಖಾ ಮಾಡುವ ನಮಸ್ಕಾರಗಳು. ತಾವು ಒಂದು ವೇರಿಯಬಲ್ ಎಂದೂ, ಅಂದರೆ ಹೆಸರು ಬರೆದಿಟ್ಟ ಒಂದು ಡಬ್ಬಿ ಎಂದೂ ನನಗೆ ತಿಳಿಸಲಾಗಿದೆ. ಡಬ್ಬಿಗೆ ಬಹಿರಂಗ ಪತ್ರ ಬರೆಯುವುದು ನನ್ನ ಸ್ವಭಾವಕ್ಕೆ ಒಪ್ಪುವ ಕೆಲಸವಲ್ಲ. ಆದರೆ ಡಬ್ಬಿಯನ್ನು ಅಲ್ಲಿಟ್ಟವರಿಗೆ ಹೇಳಿ ಸಾಕಾದ ಮೇಲೆ ಇನ್ನಾರಿಗೆ ಬರೆಯಲಿ?

ತಮ್ಮ ಹೆಸರಿನ ಎರಡೂ ಬದಿಗೆ ಒಂದೊಂದು ನಕ್ಷತ್ರವಿದೆ. ಆವರಣ ಚಿಹ್ನೆಗಳನ್ನೇ ಉಂಡು ಬದುಕುವ ಲಿಸ್ಪ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು, ಈ ಡಬ್ಬಿಗೆ ಯಾರು ಬೇಕಾದರೂ ಕೈ ಹಾಕಬಹುದು ಎಂಬುದರ ಗುರುತಂತೆ. ಬಸವನಗುಡಿಯ ಗೇಟುಗಳ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂದು ಫಲಕ ಹಾಕುತ್ತಾರಲ್ಲ, ಹಾಗೆ. ಫಲಕ ಹಾಕಿಯಾಯಿತೆಂದು ನಾಯಿಯನ್ನು ನಡುಮನೆಯಲ್ಲಿ ಬಿಟ್ಟು ಅತಿಥಿಗಳನ್ನು ಊಟಕ್ಕೆ ಕರೆದವರನ್ನು ಮಾತ್ರ ನಾನು ಈವರೆಗೆ ಕಂಡಿರಲಿಲ್ಲ.

ತಮ್ಮ ಸೃಷ್ಟಿಕರ್ತ ಕೈಲಾಸ್, ವಾಚನಾಲಯದ ಒಡತಿ ತ್ರಿಪುರಸುಂದರಿಯವರ ಅಕ್ಕನ ಮಗ. ಪುಸ್ತಕ ಕೊಡುವುದಕ್ಕೆ, ವಾಪಸು ತೆಗೆದುಕೊಳ್ಳುವುದಕ್ಕೆ, ಕಾದಿರಿಸುವುದಕ್ಕೆ ಒಂದೊಂದು ಫಂಕ್ಷನ್, ಎಂದರೆ ಆ ಒಂದೇ ಕೆಲಸಕ್ಕೆ ಮೀಸಲಾದ ಪ್ರೋಗ್ರಾಮಿನ ತುಂಡು, ಬರೆದಿದ್ದಾರೆ. ಮೂರೂ ಒಂದನ್ನೊಂದು ಹೋಲುತ್ತವೆ. ಮೂರಕ್ಕೂ ಮೊದಲು ಗೊತ್ತಾಗಬೇಕಾದದ್ದು ಎದುರಿಗಿರುವ ಓದುಗ ಯಾರು ಎಂಬುದು. ಪ್ರತಿ ಸಲವೂ ಆಯಾ ಫಂಕ್ಷನ್ನಿನ ಕೈಗೇ ಓದುಗನ ಹೆಸರನ್ನು ಕೊಟ್ಟು ಕಳುಹಿಸಬಹುದಿತ್ತು. ಕೈಲಾಸ್ ಹಾಗೆ ಮಾಡದೆ, ಮೂರಕ್ಕೂ ಸೇರಿಸಿ ತಮ್ಮೊಬ್ಬರನ್ನೇ ಹೊರಗೆ ಕೂರಿಸಿದರು. ಏಕೆಂದು ಕೇಳಿದ್ದಕ್ಕೆ, "ಮೂರು ಕಡೇನೂ ಅದನ್ನೇ ಬರೀಬೇಕಾಗುತ್ತೆ ಆಂಟಿ, ಬೋರು. ಇದು ಬೈಟೂ ಕಾಫಿ ಥರ. ಒಂದೇ ವೇರಿಯಬಲ್ಲು, ಎಲ್ರೂ ಹಂಚ್ಕೊಳ್ಳೋದು" ಎಂದರು.

ಬೈಟೂ ಕಾಫಿಯ ಮೇಲೆ ಇದಕ್ಕಿಂತ ದೊಡ್ಡ ಅಪವಾದವನ್ನು ಈ ಊರಿನಲ್ಲಿ ಯಾರೂ ಹೊರಿಸಿರಲಾರರು. ಬೈಟೂ ಎಂದರೆ ಹೋಟೆಲಿನವರು ಎರಡು ಲೋಟ ತಂದಿಡುತ್ತಾರೆ. ನಾವು ಹಂಚಿಕೊಳ್ಳುವುದು ಕಾಫಿಯನ್ನು, ಲೋಟವನ್ನಲ್ಲ. ಒಬ್ಬರು ಕುಡಿಯುತ್ತಿರುವಾಗಲೇ ಇನ್ನೊಬ್ಬರು ಅದೇ ಲೋಟವನ್ನು ಕಸಿದು, ಕಾಫಿ ಚೆಲ್ಲಿ, ಬಾದಾಮಿ ಹಾಲು ತುಂಬಿಡುವ ಪದ್ಧತಿ ಗಾಂಧಿಬಜಾರಿನಲ್ಲೂ ಇಲ್ಲ, ಮಲ್ಲೇಶ್ವರದಲ್ಲೂ ಇಲ್ಲ. ಅದು ತಮ್ಮ ಸನ್ನಿಧಿಯಲ್ಲಿ ಮಾತ್ರ ನಡೆಯುವ ಸೇವೆ. ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು. ಅವಸರದ ಅನುವಾದಕರನ್ನು ಸಾಕಷ್ಟು ಸಹಿಸಿದ್ದೇನೆ. ಆದರೆ ಅಕ್ಕತಂಗಿಯರು ಮೂವರೂ ನೋಡಲು ಒಂದೇ ಥರ ಇದ್ದಾರೆ, ಬೇರೆ ಬೇರೆ ಬರೆಯುವುದು ಬೋರು ಎಂದು ಮೂವರಿಗೂ ಒಬ್ಬನೇ ಗಂಡನನ್ನು ಗಂಟುಹಾಕಿದ ಅನುವಾದಕ ಇನ್ನೂ ಹುಟ್ಟಿಲ್ಲ.

ನನ್ನ ನಷ್ಟವನ್ನು ಈಗ ವಿನಯಪೂರ್ವಕವಾಗಿ ನಿವೇದಿಸುತ್ತೇನೆ. ಎಸ್ಟೋನಿಯಾ ದೇಶದ ಒಂದು ಕಾದಂಬರಿ ಎರಡು ಸಂಪುಟಗಳಲ್ಲಿ ಕನ್ನಡಕ್ಕೆ ಬಂದಿದೆ. ಅಂಗಡಿಗಳಲ್ಲಿ ಅದು ಸಿಗುವ ಕಾಲ ಮುಗಿಯಿತು. ವಾಚನಾಲಯದಲ್ಲಿರುವುದು ಒಂದೇ ಪ್ರತಿ. ಮೊದಲ ಸಂಪುಟದ ಕೊನೆಯ ಪುಟದಲ್ಲಿ ದೀಪಸ್ತಂಭದ ಕಾವಲುಗಾರನ ಹೆಂಡತಿ ಕತ್ತಲಲ್ಲಿ ದೋಣಿ ಏರಿ ಕುಳಿತಿದ್ದಾಳೆ, ಹುಟ್ಟು ಕೈಯಲ್ಲಿದೆ, ಕಡಲ ಕಡೆಗೋ ದಡದ ಕಡೆಗೋ ಅವಳಿಗಿನ್ನೂ ತಿಳಿದಿಲ್ಲ. ನನಗೂ ತಿಳಿದಿರಲಿಲ್ಲ, ಮತ್ತು ಹಾಗೆ ತಿಳಿಯದೆ ಇರುವುದು ಎಷ್ಟು ದೊಡ್ಡ ಸುಖ ಎಂಬುದು ಡಬ್ಬಿಯಾದ ತಮಗೆ ಅರ್ಥವಾಗದಿದ್ದರೆ ತಪ್ಪು ತಮ್ಮದಲ್ಲ. ಎರಡನೆಯ ಸಂಪುಟ ಯಾರ ಬಳಿಯೋ ಇತ್ತು. ಅದು ಬಂದ ಕೂಡಲೇ ನನಗೆ ಕೊಡಬೇಕೆಂದು ಕಾದಿರಿಸಲು ಹೋದೆ.

ವಾಚನಾಲಯದಲ್ಲಿ ಬಾಗಿಲ ಬಳಿಯ ಮೇಜು ವಾಪಸು ಮಾಡುವವರಿಗೆ. ಒಳಗೆ ಬಿಂದು ಎಂಬಾಕೆ ಕೂರುವ ಮೇಜು ಉಳಿದದ್ದಕ್ಕೆ. ಎರಡೂ ಮೇಜಿನ ಕಂಪ್ಯೂಟರುಗಳಿಗೆ ತಾವೊಬ್ಬರೇ. ನಾನು ಒಳಗೆ ಕಾರ್ಡು ತೋರಿಸಿದೆ. ತಾವು 'ವಿಶಾಖಾ' ಆದಿರಿ. ಬಿಂದು ಗುಂಡಿ ಒತ್ತುವಷ್ಟರಲ್ಲಿ ಓಕಳಿಪುರದ ಮರಿಯಣ್ಣ ಎಂಬವರು ಸಿರಿಧಾನ್ಯದ ಅಡುಗೆ ಪುಸ್ತಕ ವಾಪಸು ಮಾಡಲು ಬಾಗಿಲಲ್ಲಿ ಕಾರ್ಡು ತೋರಿಸಿದರು. ತಾವು ಕಿಂಚಿತ್ತೂ ದಾಕ್ಷಿಣ್ಯವಿಲ್ಲದೆ 'ಮರಿಯಣ್ಣ' ಆದಿರಿ. ಬಿಂದು ಗುಂಡಿ ಒತ್ತಿದರು. ದೀಪಸ್ತಂಭದ ಹೆಂಗಸು ಮರಿಯಣ್ಣನವರ ಪಾಲಾದಳು.

ಅವರನ್ನು ನಾನು ದೂರುವುದಿಲ್ಲ. "ನಾನ್ ಕೇಳಿರ್ಲಿಲ್ಲಮ್ಮ. ನಿಮ್ಮ ಹೆಸರಲ್ಲೇ ಇದೆ ಅಂತ ಫೋನ್ ಮಾಡಿದ್ರು, ಬೇಡ ಅನ್ನಕ್ಕಾಗುತ್ತಾ?" ಎಂದು ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಾವಿಬ್ಬರೂ ಶನಿವಾರ ಬೆಳಿಗ್ಗೆ ಬರುವವರಾದ್ದರಿಂದ ನನ್ನ ಓದೆಲ್ಲ ಹೀಗೆ ಅವರ ಹೆಸರಿಗೆ ಹರಿದುಹೋಗಿತ್ತು. ವಾರ್ಷಿಕೋತ್ಸವದ ದಿನ ತ್ರಿಪುರಸುಂದರಿಯವರು ಕಂಪ್ಯೂಟರಿನ ದಾಖಲೆಯನ್ನೇ ನಂಬಿ, ಅನುವಾದ ಸಾಹಿತ್ಯದ ಶ್ರೇಷ್ಠ ಓದುಗರೆಂದು ಮರಿಯಣ್ಣನವರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಸನ್ಮಾನಿತರು ಎರಡು ಮಾತಾಡಬೇಕೆಂದರು. ಅವರು ಈ ಪ್ರಕಾರದಲ್ಲಿ ಓದಿದ್ದು ಆ ಒಂದು ಸಂಪುಟವನ್ನೇ ಆದ್ದರಿಂದ ಅದನ್ನೇ ಮಾತಾಡಿದರು.

"ಆಯಮ್ಮ ಎಲ್ಲೂ ಹೋಗಲ್ಲ ಕಣ್ರೀ. ದೋಣಿ ಅಲ್ಲೇ ಕಟ್ಟಾಕಿರುತ್ತೆ, ಹಗ್ಗ ಬಿಚ್ಚೇ ಇರಲ್ಲ. ಕತ್ತಲಲ್ಲಿ ಗಂಡ ಹೊರಟೋದ್ಲು ಅಂದ್ಕೊಂಡು ಈಜಕ್ ಹೋಗಿ ಮುಳುಗೋಗ್ತಾನೆ, ಪಾಪ."

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ; ಸಭಾ ಮರ್ಯಾದೆ ಎಂಬುದೊಂದಿದೆಯಲ್ಲ.

ಆ ಮೇಲೆ ತಮ್ಮ ಒಂದು ಮಹಿಮೆಯನ್ನು ಕೈಲಾಸ್ ನನಗೆ ಅರುಹಿದರು. ಪ್ರತಿ ಫಂಕ್ಷನ್ನಿನ ಒಳಗೂ 'ಲೆಟ್' ಎಂಬ ಒಂದು ಪದ ಹಾಕಿ ತಮಗೆ ಹೊಸ ಬೆಲೆ, ಎಂದರೆ ಡಬ್ಬಿಯೊಳಗೆ ಹೊಸ ಹೆಸರು, ಕೊಟ್ಟಿದ್ದರೆ, ಆ ಕೆಲಸ ಮುಗಿದ ಕೂಡಲೇ ತಮ್ಮ ಹಳೆಯ ಬೆಲೆ ತಾನಾಗಿ ಮರಳುತ್ತಿತ್ತಂತೆ, ನಡುವೆ ಏನೂ ನಡೆದೇ ಇಲ್ಲವೆಂಬಂತೆ. ಗೊತ್ತಿದ್ದೂ ಏಕೆ ಹಾಕಲಿಲ್ಲವೆಂದರೆ, "ಆಮೇಲ್ ಹಾಕೋಣ ಅಂತಿದ್ದೆ ಆಂಟಿ" ಎಂದರು. ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಆ ಭಾಷಣವನ್ನು ಒಂದು ಲೆಟ್ಟಿನೊಳಗೆ ನಡೆದದ್ದೆಂದು ಭಾವಿಸಿ, ಅದು ಮುಗಿದಿರುವುದರಿಂದ ನನ್ನ ತಲೆಗೆ ಅದರ ಹಳೆಯ ಬೆಲೆಯನ್ನು ಮರಳಿಸತಕ್ಕದ್ದು. ದೋಣಿಯ ಹಗ್ಗ ನನಗೆ ಕಾಣಬಾರದು. ಗಂಡ ಇನ್ನೂ ದೀಪದ ಬಳಿ ಇರಬೇಕು. ಹೆಂಗಸು ಹುಟ್ಟು ಹಿಡಿದು ಕುಳಿತೇ ಇರಬೇಕು, ನಾನು ಹೋಗಿ ಪುಟ ತಿರುಗಿಸುವ ತನಕ.

ತಾವು ಯಾರಾಗಿದ್ದರೂ ಆ ಗಳಿಗೆಯ ಮಟ್ಟಿಗೆ
ತಮ್ಮ ವಿಶ್ವಾಸಿ,
ವಿಶಾಖಾ

ಮರೆತ ಮಾತು: ಕೈಲಾಸ್ ರಿಪೇರಿ ಮಾಡಿದ್ದಾರೆ. ಮೂರು ಫಂಕ್ಷನ್ನುಗಳ ಸುತ್ತ ಒಂದೇ ದೊಡ್ಡ ಲೆಟ್ ಕಟ್ಟಿ, ತಮ್ಮ ನಕ್ಷತ್ರಗಳನ್ನು ಕಿತ್ತು, ತಮ್ಮನ್ನು ಅದರೊಳಗೆ ಕೂರಿಸಿದ್ದಾರೆ. "ಇನ್ಮೇಲೆ ಹೊರಗಿನವ್ರು ಯಾರೂ ಮುಟ್ಟಕ್ಕಾಗಲ್ಲ ಆಂಟಿ." ಹೊರಗಿನವರು ಎಂದೂ ಮುಟ್ಟಿರಲಿಲ್ಲ, ಕಿತ್ತಾಡುತ್ತಿದ್ದದ್ದು ಒಳಗಿನ ಮೂವರು, ಅವರಿಗೀಗ ಕಾಂಪೌಂಡು ಸಿಕ್ಕಿದೆ. ನಿನ್ನೆ ಮರಿಯಣ್ಣನವರು ಬಾಗಿಲಲ್ಲಿ ಕಾರ್ಡು ತೋರಿಸಿ ಎರಡನೆಯ ಸಂಪುಟವನ್ನು ವಾಪಸು ಕೊಡುತ್ತಿರುವಾಗಲೇ, ಅದೇ ಸಂಪುಟ ಬೇಕೆಂದು ನಾನು ಒಳಗೆ ಕಾರ್ಡು ತೋರಿಸಿದೆ; ತಾವು 'ವಿಶಾಖಾ' ಆದಿರಿ. ಬಿಂದು ಪರದೆ ನೋಡಿ, "ಇದನ್ನ ನೀವಾಗ್ಲೇ ಓದಿ ವಾಪಸ್ ಕೊಟ್ಟಿದೀರ ಅಂತ ಬರ್ತಿದೆ ಮೇಡಂ" ಎಂದರು. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡೆ. ನನ್ನ ಬಗ್ಗೆ ತಾವು ಬರೆದಿಟ್ಟ ಸಾಲುಗಳಲ್ಲಿ ಹೆಚ್ಚುಕಡಿಮೆ ನಿಜವಾದದ್ದು ಇದೊಂದೇ.