ಮುಗಿಲಿಗೆ ಮೂತಿ ಮಾಡಿದ ಜೀಪು

ಜೀಪು ಹೊಗೆ ಪರೀಕ್ಷೆಯಲ್ಲಿ ಫೇಲಾದರೆ? ಈ ಪ್ರಶ್ನೆ ದಾಕ್ಷಾಯಣಿಯ ತಲೆ ಹೊಕ್ಕು ಮೂರು ದಿನವಾಗಿತ್ತು. ಒಗ್ಗರಣೆಯ ಹೊಗೆ ಕಂಡರೂ ಜೀಪೇ ನೆನಪಾಗುತ್ತಿತ್ತು. ಹೊಗೆ ಪರೀಕ್ಷೆಯ ಸರ್ಟಿಫಿಕೇಟು, ಅಂದರೆ ಪಿಯುಸಿಯ ಅವಧಿ ಮುಗಿದಿದೆ. ನಾಳೆ ಎರಡು ವರ್ಷದ ಮಗಳನ್ನು ಸಾಂಗಲಿಯ ಕಿವಿ ಡಾಕ್ಟರರಿಗೆ ತೋರಿಸಬೇಕು. ತಿಂಗಳು ಕಾದು ಸಿಕ್ಕ ಪಾಳಿ. ದಾರಿಯಲ್ಲಿ ಪೊಲೀಸರು ಹಿಡಿದರೆ ಪಾಳಿ ತಪ್ಪಿತು, ಕಿವಿ ಕೆಟ್ಟಿತು, ಮುಂದೆ ಶಾಲೆಯಲ್ಲಿ ಮಾಸ್ತರರು ಕರೆದದ್ದೂ ಕೇಳಿಸದೆ... ಚಿಂತೆ ಮಗಳ ಹತ್ತನೇ ತರಗತಿಯವರೆಗೆ ಓಡಿ, ದಣಿದು, ತಿರುಗಿ ಜೀಪಿನ ಬುಡಕ್ಕೇ ಬಂದು ನಿಲ್ಲುತ್ತಿತ್ತು.

ಜೀಪೂ ಅಂಥದ್ದೇ. ಹದಿನೆಂಟು ವರ್ಷದ ಅದರ ಹೊಗೆ ಶೆಡ್ಡಿನ ಒಣದ್ರಾಕ್ಷಿಯ ಮೇಲೆ ಕೂರುತ್ತದೆಂದು ಗಂಡ ಶಿವಪುತ್ರ ಸೈಲೆನ್ಸರ್ ಕೊಳವೆಯನ್ನು ಟ್ರ್ಯಾಕ್ಟರಿನದರಂತೆ ನೆಟ್ಟಗೆ ಮೇಲಕ್ಕೆತ್ತಿ ಬೆಸುಗೆ ಹಾಕಿಸಿದ್ದ. ಅಂದಿನಿಂದ ಅದು ಹುಕ್ಕಾ ಸೇದುವ ದೇಸಾಯರ ಗತ್ತಿನಲ್ಲಿ ಮುಗಿಲಿಗೆ ಮೂತಿ ಮಾಡಿಯೇ ಓಡಾಡುತ್ತಿತ್ತು. ಎಡಬಾಗಿಲಲ್ಲೊಂದು ದೊಡ್ಡ ತಗ್ಗು. ಅದು ಎಮ್ಮೆ ಗುದ್ದಿದ್ದೆಂದು ದಾಕ್ಷಾಯಣಿಯೇ ಮನೆಯವರಿಗೆ ತಿಳಿಸಿದ್ದಳು. ಎಮ್ಮೆಗೆ ಆಗಿನಿಂದ ಅಂಗಳ ಬಂದ್.

ಜೀಪಿನ ಫೋಟೋ ಕಳಿಸಿದರೆ ಸಾಕು, ಗುರುತಿನವನೊಬ್ಬ ಪರೀಕ್ಷೆಯಿಲ್ಲದೆ ಕೂತಲ್ಲೇ ಪಿಯುಸಿ ಕೊಡುತ್ತಾನೆ ಎಂದ ಶಿವಪುತ್ರ. ಪುಣೆಯಲ್ಲಿ ಕಲಿತ ಹೆಂಡತಿಗೆ ಸಿಟ್ಟು ನೆತ್ತಿಗೇರಿತು.

"ಸುಳ್ಳು ಹೇಳಬ್ಯಾಡಂತ ಮಗಳಿಗೆ ಯಾವ ಬಾಯಿಲೆ ಹೇಳೂದ್ರಿ? ನಾನ ಒಯ್ದು ಪಾಸ್ ಮಾಡಿಸ್ಕೊಂಡು ಬರ್ತೀನಿ. ಯಾರಿಗೂ ಒಂದು ಫೋನೂ ಮಾಡಂಗಿಲ್ಲ."

ಹೊರಡುವಾಗ ಮಗಳನ್ನು ಅತ್ತೆ ಸಿದ್ದಲಿಂಗವ್ವನ ಕಂಕುಳಿಗೇರಿಸಿ, ದಿನದ ಪಾಠವನ್ನು ಮತ್ತೊಮ್ಮೆ ಒಪ್ಪಿಸಿದಳು. ಫೋನಿಗೆ ಬಂದ ನಂಬರನ್ನು ಯಾರು ಕೇಳಿದರೂ ಹೇಳಬಾರದು, ತನ್ನ ದನಿಯಲ್ಲೇ ಕೇಳಿದರೂ ಹೇಳಬಾರದು, ಈಗಿನ ಕಳ್ಳರು ದನಿಯನ್ನೂ ಕದಿಯುತ್ತಾರೆ. ಅತ್ತೆ ಗಂಭೀರವಾಗಿ ತಲೆಯಾಡಿಸಿದಳು.

ಜತ್ತದ ಪಿಯುಸಿ ಕೇಂದ್ರದಲ್ಲಿ ಹೊಗೆ ಪರೀಕ್ಷಿಸುವ ವಿಠೋಬ ಜೀಪಿನ ಹಿಂದೆ ಬಗ್ಗಿ ನೋಡಿದ. ಕುಕ್ಕರಗಾಲಲ್ಲಿ ಕೂತು ನೋಡಿದ.

"ತಾಯಿ, ಇದು ಹೊಗಿ ಎಲ್ಲಿಂದ ಬಿಡತೈತ್ರಿ?"

ದಾಕ್ಷಾಯಣಿ ಆಕಾಶ ತೋರಿಸಿದಳು.

ಯಂತ್ರದ ನಳಿಕೆಯನ್ನು ಅಷ್ಟೆತ್ತರಕ್ಕೆ ಹಿಡಿಯಬೇಕಲ್ಲ! ಪಕ್ಕದ ಪೇಂಟರನ ಏಣಿ ಬಂತು. ವಿಠೋಬನ ಮೊಣಕಾಲಿಗೆ ಏಣಿ ಆಗದು. ಹಿಂದಿನ ಗಾಡಿಯವರು ಎಕ್ಸಿಲರೇಟರ್ ತುಳಿಯಲು ಒಪ್ಪಿದರೇ ಹೊರತು ಹತ್ತಲು ಒಪ್ಪಲಿಲ್ಲ. ಕೊನೆಗೆ ದಾಕ್ಷಾಯಣಿಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಟೆ ಏರುವ ವೀರವನಿತೆಯಂತೆ ಹತ್ತಿ ನಳಿಕೆ ಹಿಡಿದಳು. ಮೊದಲ ತುಳಿತಕ್ಕೇ ಕೊಳವೆಯಲ್ಲಿ ವರ್ಷಗಟ್ಟಲೆ ತಪಸ್ಸು ಮಾಡುತ್ತಿದ್ದ ಮಸಿಯೆಲ್ಲ ಎದ್ದು ಬಂದು ಅವಳ ಮುಖಕ್ಕೂ ಕೈಗೂ ಮೆತ್ತಿಕೊಂಡಿತು. ಆದರೆ ನಾಲ್ಕನೆಯ ತುಳಿತದ ಹೊತ್ತಿಗೆ ಜೀಪು ಗಂಟಲು ಸರಿಪಡಿಸಿಕೊಂಡು, ಅಂಕಿ ಮಿತಿಯೊಳಗೆ ಬಂದೇ ಬಂತು. ಪಾಸ್!

"ಮಾಲಕರ ಮೊಬೈಲಿಗೆ ಓಟಿಪಿ ಹೋಗೇತ್ರಿ," ಎಂದ ವಿಠೋಬ. "ಹತ್ತು ನಿಮಿಷದಾಗ ಹೇಳ್ರಿ."

ಜೀಪು ಇದ್ದದ್ದು ಅತ್ತೆಯ ಹೆಸರಿನಲ್ಲಿ. ದಾಕ್ಷಾಯಣಿ ಏಣಿಯ ಮೇಲೆಯೇ ತಣ್ಣಗಾದಳು. ಬೇರೆ ಉಪಾಯ ಹುಡುಕುವುದರಲ್ಲಿ ಏಳು ನಿಮಿಷ ಹೋಯಿತು. ಹಿಂದಿನ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ಕೊನೆಗೆ ಕೆಳಗಿಳಿದು ಮನೆಗೆ ಫೋನು ಮಾಡಿದಳು. ಕೈಯೆಲ್ಲ ಮಸಿ, ಫೋನು ಹಿಡಿದವನು ವಿಠೋಬ, ಸ್ಪೀಕರಿನಲ್ಲಿ.

"ಅತ್ತೀ, ಮೊಬೈಲಿಗೆ ಒಂದು ನಂಬರ್ ಬಂದೈತಿ, ಲಗೂನ ಹೇಳ್ರಿ."

"ಹೇಳಂಗಿಲ್ಲವಾ."

"ನಾನರಿ, ದಾಕ್ಷಾಯಣಿ."

"ಕಳ್ಳರು ದನೀನೂ ಕದೀತಾರಂತ. ನಮ್ಮ ಸೊಸಿ ಹೇಳ್ಯಾಳ. ಭಾಳ ಶಾಣ್ಯಾಕಿ ಅದಾಳ ಅಕಿ." ಅತ್ತೆ ಸ್ವಲ್ಪ ಯೋಚಿಸಿದಳು. "ಖರೇನ ನಮ್ಮ ಸೊಸಿ ಇದ್ರ, ಜೀಪಿನ ಬಾಗಲಾ ತಗ್ಗು ಮಾಡಿದವರು ಯಾರು, ಹೇಳು."

"ಎಮ್ಮಿ."

"ಹಂಗಾರ ನೀ ಕಳ್ಳೀನ. ಅವತ್ತು ನಾ ಮಾಳಗಿ ಮ್ಯಾಲ ಸಂಡಗಿ ಇಡಾಕತ್ತಿದ್ನಿ."

ಹಾರ್ನುಗಳೂ ನಿಂತವು. ವಿಠೋಬ ಒಂದು ಬೆರಳೆತ್ತಿದ: ಉಳಿದದ್ದು ಒಂದೇ ನಿಮಿಷ. ಮಗಳ ಕಿವಿ ಕಣ್ಣ ಮುಂದೆ ಬಂತು.

"ನಾನರಿ ಅತ್ತೀ. ಕೊಟ್ಟಿಗಿ ಕಂಬಕ್ಕ ಗುದ್ದಿದಾಕಿ ನಾನ."

"ಹಾಂ, ನಮ್ಮ ಸೊಸೀನ. ಬರಕೋ." ಅತ್ತೆ ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದಳು. "ಬರೂ ಮುಂದ ಎರಡು ಸೂಡು ಹಸಿ ಮೇವು ತಗೊಂಡು ಬಾ. ಪಾಪ, ಮೂರು ತಿಂಗಳಾತು ಆ ಎಮ್ಮಿ ಬೈಸ್ಕೊಳ್ಳಾಕತ್ತು."